ಗಲಾಟೆಯಿಂದ ಈಚೆ ಬಂದ ಮಾತು

ಮಂಗಳವಾರ ಶಿರಸಿಯಲ್ಲಿ ಕಿವಿಯ ಪರೀಕ್ಷೆ ನಡೆಯುತ್ತಿದ್ದಾಗ ಅಪ್ಪಯ್ಯ ಆಡಿದ ಒಂದು ಮಾತು ಇನ್ನೂ ನನ್ನನ್ನು ಬಿಟ್ಟಿಲ್ಲ. ಎಡಗಿವಿಗೂ ಶ್ರವಣಯಂತ್ರ ಹಾಕಿ, ಪರೀಕ್ಷೆಗೆಂದು ಮೊದಲು ಕೇಳಿಸಿದ್ದ ಗದ್ದಲವನ್ನೇ ಮತ್ತೆ ಕೇಳಿಸಿದಾಗ ಅವರು ನನ್ನತ್ತ ತಿರುಗಿ, "ಈಗ ಆ ಕೂಸು ಗಲಾಟೆಯಿಂದ ಈಚೆ ಬಂತು ನೋಡು" ಎಂದರು. ಕೂಸು ಎಂದದ್ದು ಧ್ವನಿಮುದ್ರಣದಲ್ಲಿ ವಾಕ್ಯಗಳನ್ನು ಓದುತ್ತಿದ್ದ ಹುಡುಗಿಗೆ.

ಎರಡು ವರ್ಷಗಳ ಹಿಂದೆ ಬೇರೊಂದು ಕಡೆ, ಸದ್ದಿಲ್ಲದ ಕೋಣೆಯಲ್ಲಿ ಬೀಪ್ ಶಬ್ದವನ್ನಷ್ಟೇ ಕೇಳಿಸಿ, "ಈ ವಯಸ್ಸಿಗೆ ಒಂದು ಕಿವಿಗೆ ಹಾಕಿದರೆ ಸಾಕು" ಎಂದು ಬಲಗಿವಿಗೆ ಮಾತ್ರ ಯಂತ್ರ ಕೊಟ್ಟಿದ್ದರು. ಅದು ಅವಸರದ ತೀರ್ಮಾನವೆಂದೇ ನಾನು ಈಗ ತಿಳಿಯುತ್ತೇನೆ. ಮನುಷ್ಯ ಬೀಪ್ ಶಬ್ದದ ನಡುವೆ ಬದುಕುವುದಿಲ್ಲ. ಕಳೆದ ವಾರ ಮದುವೆಮನೆಯ ಪಂಕ್ತಿಯಲ್ಲಿ, ಅತ್ತೆಯನ್ನು ಆಸ್ಪತ್ರೆಗೆ ಸೇರಿಸಿದ ಸುದ್ದಿಯನ್ನು ಭಾವ ಹೇಳುತ್ತಿದ್ದರೆ ಅಪ್ಪಯ್ಯ ನಗುತ್ತ ತಲೆಯಾಡಿಸಿದರು. ಭಾವ ಕೆಟ್ಟವನಲ್ಲ, ಬೇಗ ನೊಂದುಕೊಳ್ಳುವವನು; ಅಂದಿನಿಂದ ಮಾತು ಬಿಟ್ಟಿದ್ದಾನೆ. "ನಿನ್ನ ಅಪ್ಪಯ್ಯಂಗೆ ಬೇಕಾದ್ದು ಮಾತ್ರ ಕೇಳ್ತು" ಎಂದು ಆಯಿಯೂ ಹೇಳುತ್ತಿದ್ದಳು, ನಾನೂ ನಂಬಿದ್ದೆ.

ಪರೀಕ್ಷೆಯಲ್ಲಿ ಮಾತು ಎದುರಿನ ಸ್ಪೀಕರಿನಿಂದ, ಹಲವರು ಒಟ್ಟಿಗೆ ಮಾತನಾಡುವ ಗದ್ದಲ ಬಲಗಡೆಯಿಂದ. ಗದ್ದಲವನ್ನು ಒಂದೇ ಮಟ್ಟದಲ್ಲಿಟ್ಟು, ಅರ್ಧದಷ್ಟು ಪದಗಳು ಮಾತ್ರ ಸರಿಯಾಗುವವರೆಗೆ ಮಾತನ್ನು ತಗ್ಗಿಸುತ್ತಾರೆ. ಆಗ ಎರಡರ ನಡುವೆ ಉಳಿಯುವ ಡೆಸಿಬೆಲ್ ಅಂತರವೇ ಫಲಿತಾಂಶ. ಬಲಗಿವಿಯ ಯಂತ್ರವೊಂದೇ ಇದ್ದಾಗ ಗದ್ದಲವೆಲ್ಲ ನೇರವಾಗಿ ಅದಕ್ಕೇ ಬಡಿಯುತ್ತಿತ್ತು. ಅಪ್ಪಯ್ಯ ತೊಡೆಯ ಮೇಲಿನ ಪಂಚೆಯ ಅಂಚನ್ನು ಬೆರಳಿನಲ್ಲಿ ಸುತ್ತುತ್ತ, ಪ್ರತಿ ವಾಕ್ಯದ ಕೊನೆಯ ಪದವೊಂದನ್ನೇ ಊಹಿಸಿ ಹೇಳುತ್ತಿದ್ದರು. ಎಡಗಿವಿಗೂ ಹಾಕಿದ ಮೇಲೆ ಬೆರಳು ನಿಂತಿತು. ಬಲಗಡೆಯ ಗದ್ದಲಕ್ಕೆ, ಅದರಲ್ಲೂ ಸ, ಶದಂಥ ಅಕ್ಷರಗಳಲ್ಲಿರುವ ತೀಕ್ಷ್ಣ ಸದ್ದುಗಳಿಗೆ, ನಮ್ಮ ತಲೆಯೇ ಅಡ್ಡಗೋಡೆಯಾಗಿ ಎಡಗಿವಿಯನ್ನು ಕಾಯುತ್ತದೆ. ಜೊತೆಗೆ, ಪಕ್ಕದ ಸದ್ದು ಎರಡು ಕಿವಿಗಳನ್ನು ಮುಟ್ಟುವುದರಲ್ಲಿರುವ, ಸೆಕೆಂಡಿನ ಸಾವಿರದ ಒಂದು ಭಾಗಕ್ಕೂ ಕಡಿಮೆಯ ವ್ಯತ್ಯಾಸವನ್ನು ಮಿದುಳು ಹೋಲಿಸಿ, ಯಾವುದು ಎಲ್ಲಿಂದ ಬಂತೆಂದು ಬೇರ್ಪಡಿಸುತ್ತದೆ. ಗದ್ದಲದಲ್ಲಿ ಒಬ್ಬರ ಮಾತನ್ನು ಹೇಗೆ ಹಿಡಿಯುತ್ತೇವೆಂದು ಬ್ರಿಟಿಷ್ ವಿಜ್ಞಾನಿ ಕಾಲಿನ್ ಚೆರ್ರಿ 1953ರಲ್ಲೇ ಪ್ರಯೋಗ ಮಾಡಿ ಬರೆದಿದ್ದರು. ಅಪ್ಪಯ್ಯನಿಗೆ ಆ ಹೆಸರು ಗೊತ್ತಿಲ್ಲ. ಆದರೆ "ಈಚೆ ಬಂತು" ಎಂದದ್ದಕ್ಕಿಂತ ಸರಿಯಾಗಿ ಅದನ್ನು ನನಗೆ ಯಾರೂ ಹೇಳಿರಲಿಲ್ಲ. ಮಾತು ದೊಡ್ಡದಾಗಲಿಲ್ಲ, ಬೇರೆಯಾಯಿತು.

ಎಲ್ಲರಿಗೂ ಎರಡು ಯಂತ್ರಗಳಿಂದ ಇಷ್ಟೇ ಲಾಭವಾಗುವುದಿಲ್ಲವಂತೆ, ಅಪ್ಪಯ್ಯನಿಗೂ ಕೆಲವು ಪದಗಳು ತಪ್ಪಿದವು. ಹಾಗಾಗಿಯೇ ಭಾವನಿಗೆ ಫೋನಿನಲ್ಲಿ ಹೇಳದೆ, ನಿನ್ನೆ ಸಂಜೆ ಅವನ ಮನೆಗೇ ಹೋಗಿ ಪರೀಕ್ಷೆಯ ಹಾಳೆ ತೋರಿಸಿದೆ. ಅವನು ಅದನ್ನು ಬಹಳ ಹೊತ್ತು ನೋಡಿ, "ಅವತ್ತು ಮಾವ ಯಾವ ಬದಿಗೆ ಕೂತಿದ್ದ?" ಎಂದು ಕೇಳಿದ.