ಡಾಕ್ಟರ್ ಹೇಳಿದ್ದನ್ನು ಬರೆದಿಡುವುದು

ಅಮ್ಮನ ಮಾತ್ರೆಯ ವಿಷಯಕ್ಕೆ ಇವತ್ತು ಆಸ್ಪತ್ರೆಗೆ ಫೋನ್ ಮಾಡಿದ್ದೆ. ಮಾತು ಮುಗಿದ ತಕ್ಷಣ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ: ತಾರೀಖು, ಸಮಯ, ಮಾತಾಡಿದವರ ಹೆಸರು, ಅವರು ಹೇಳಿದ್ದು, ಮುಂದೆ ಯಾರು ಏನು ಮಾಡಬೇಕು. ಹೆಸರು ಕೇಳಿದರೆ ಬೇಜಾರಾಗುತ್ತಾರೇನೋ ಅಂತ ಎಷ್ಟೋ ಜನ ಸುಮ್ನಿದ್ದುಬಿಡುತ್ತಾರೆ. ದಯವಿಟ್ಟು ಕೇಳಿ.

ವೈದ್ಯರು ಹೇಳಿದ್ದರಲ್ಲಿ ಶೇ 40ರಿಂದ 80ರಷ್ಟು ರೋಗಿಗೆ ಕೂಡಲೇ ಮರೆತುಹೋಗುತ್ತದೆ ಎಂದು ರಾಯ್ ಕೆಸೆಲ್ಸ್ ಎಂಬ ಮನಶ್ಶಾಸ್ತ್ರಜ್ಞರು 2003ರ ಲೇಖನದಲ್ಲಿ ಬರೆದಿದ್ದಾರೆ. ನೆನಪಿರುವುದರಲ್ಲೂ ಸುಮಾರು ಅರ್ಧ ತಪ್ಪಾಗಿರುತ್ತದಂತೆ. ಭಯದಲ್ಲಿ ಕೂತಿರುವಾಗ ಕಿವಿಗೆ ಬಿದ್ದದ್ದೆಲ್ಲ ತಲೆಯಲ್ಲಿ ನಿಲ್ಲುವುದಿಲ್ಲ, ಅಲ್ವಾ?

ಡೋಸ್ ವಿಷಯದಲ್ಲಂತೂ ನಾನು ಜಾಸ್ತಿ ಕಟ್ಟುನಿಟ್ಟು. ಎಷ್ಟು ಮಿಲಿಗ್ರಾಂ, ಊಟಕ್ಕೆ ಮುಂಚೆಯೋ ಆಮೇಲೋ, ಎಷ್ಟು ದಿನ ಅಂತ ಬರೆದುಕೊಂಡು ಅವರಿಗೇ ಓದಿ ಹೇಳುತ್ತೇನೆ. ಫೋನಿನಲ್ಲಿ ಹೇಳಿದ್ದಾದರೆ "ನೀವು ಹೀಗೆ ಹೇಳಿದಿರಿ, ಸರಿಯಾ?" ಎಂದು ಒಂದು ಮೆಸೇಜ್ ಕಳಿಸುತ್ತೇನೆ. ಉತ್ತರ ಬಂದರೆ ಅದೂ ದಾಖಲೆಯೇ.

ಬೇರೆ ಡಾಕ್ಟರ್ ಹತ್ತಿರ ಹೋದಾಗ ಹಳೆಯ ಅಲರ್ಜಿ, ನಿಲ್ಲಿಸಿದ ಮಾತ್ರೆ ಎಲ್ಲ ಈ ನೋಟ್‌ಬುಕ್ಕಿನಲ್ಲೇ ಸಿಗುತ್ತದೆ. ಯಾಕೆ ನಿಲ್ಲಿಸಿದರು ಎಂಬುದನ್ನು ಮರೆಯದೆ ಬರೆಯಿರಿ. ಎಷ್ಟೋ ಸಲ ಚೀಟಿಯಲ್ಲಿ ಆ ಕಾರಣವೇ ಇರುವುದಿಲ್ಲ.