ಅತ್ತೆಯ ಮಡಿಲು, ಮಗಳ ಆಸನ

ಹನ್ನೊಂದನೇ ತಿಂಗಳಿನಲ್ಲಿ ಮಗಳ ಜಾವಳ ತೆಗೆಸಲೆಂದು ಬೆಂಗಳೂರಿನಿಂದ ಹಾಸನದ ಕಡೆಯ ನಮ್ಮೂರಿಗೆ ಕಾರಿನಲ್ಲಿ ಹೊರಟಾಗ, ಹಿಂದಿನ ಸೀಟಿನ ಎಡಬದಿಯಲ್ಲಿ ಹೊಸದಾಗಿ ಕೊಂಡ ಮಕ್ಕಳ ಆಸನವಿತ್ತು. ಮಗು ಮಾತ್ರ ಅತ್ತೆಯ ಮಡಿಲಲ್ಲಿತ್ತು. "ನನ್ನ ಮಡಿಲಿಗಿಂತ ಆ ಬುಟ್ಟಿ ಹೆಚ್ಚೇನಮ್ಮ?" ಎಂದು ಅವರು ಕೇಳಿದಾಗ, ಹೊರಡುವ ಹೊತ್ತಿನಲ್ಲಿ ಮಾತು ಬೆಳೆಸುವುದು ಬೇಡವೆಂದು ಸುಮ್ಮನಾದೆ. 14 ವರ್ಷದೊಳಗಿನ ಮಕ್ಕಳನ್ನು ಬೆಲ್ಟು ಅಥವಾ ಮಕ್ಕಳ ಆಸನವಿಲ್ಲದೆ ಕೂರಿಸಿದರೆ 1,000 ರೂಪಾಯಿ ದಂಡವೆಂದು 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ ಹೇಳುತ್ತದೆ. ಆದರೆ ಅತ್ತೆಯ ಎದುರು ಕಾಯ್ದೆ ಓದುವಷ್ಟು ಧೈರ್ಯ ನನಗಿರಲಿಲ್ಲ.

ಅತ್ತೆಯವರೂ ಬೆಲ್ಟು ಹಾಕಿರಲಿಲ್ಲ. ಹಾಕಲು ಬರುವಂತೆಯೂ ಇರಲಿಲ್ಲ. ಕಾರು ಕೊಂಡ ವಾರವೇ ಹೊದಿಸಿದ ದಪ್ಪನೆಯ ಸೀಟ್ ಕವರಿನಡಿ ಹಿಂದಿನ ಬಕಲ್‌ಗಳು ಹೂತುಹೋಗಿದ್ದವು; ಮಗುವಿನ ಆಸನ ಕಟ್ಟುವುದಕ್ಕೆಂದು ಒಂದನ್ನು ಹೇಗೋ ಹೊರಗೆಳೆದಿದ್ದೆವು. 2022ರ ಸೆಪ್ಟೆಂಬರಿನಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿಯವರು ಹಿಂದಿನ ಸೀಟಿನಲ್ಲಿ ಬೆಲ್ಟಿಲ್ಲದೆ ಕುಳಿತು ಅಪಘಾತದಲ್ಲಿ ತೀರಿಕೊಂಡಾಗ ನಮ್ಮ ಮನೆಯಲ್ಲಿ ನಾಲ್ಕು ದಿನ ಅದೇ ಮಾತಾಗಿತ್ತು. ಬಕಲ್ ಮಾತ್ರ ಕವರಿನಡಿಯಲ್ಲೇ ಉಳಿದಿತ್ತು.

ಕುಣಿಗಲ್ಲಿನಲ್ಲಿ ಕಾಫಿಗೆ ನಿಂತಾಗ ಮಗು ನಿದ್ದೆಹೋಗಿತ್ತು, ಅತ್ತೆಯ ತೋಳು ಜೋಮು ಹಿಡಿದಿತ್ತು. ಹಾಗಾಗಿ ಮಗುವನ್ನು ಹಿಮ್ಮುಖವಾಗಿದ್ದ ಆ ಆಸನದಲ್ಲಿ ಮಲಗಿಸಿ ಪಟ್ಟಿ ಬಿಗಿದೆವು. ಆ ದಿನ ಕೆಲಸಕ್ಕೆ ಬಂದದ್ದು ನಮ್ಮ ವಿವೇಕವಲ್ಲ, ಅವರ ತೋಳಿನ ಜೋಮು.

ಯಡಿಯೂರು ದಾಟಿದ ಮೇಲೆ ಡಿವೈಡರಿನ ಕಣಗಿಲೆ ಗಿಡಗಳ ಸಂದಿಯಿಂದ ಹಸುವೊಂದು ರಸ್ತೆಗಿಳಿಯಿತು. ನಮ್ಮವರು ಬ್ರೇಕನ್ನು ಪೂರ್ತಿ ಒತ್ತಿದರು. ನನ್ನ ಬೆಲ್ಟು ತಟ್ಟನೆ ಬಿಗಿದು ಹೆಗಲನ್ನು ಹಿಡಿದು ನಿಲ್ಲಿಸಿತು. ಅತ್ತೆಯವರ ಎದೆ ಮುಂದಿನ ಸೀಟಿನ ಬೆನ್ನಿಗೆ ಬಡಿದು, ಕನ್ನಡಕ ಕಾಲಡಿಗೆ ಬಿತ್ತು. ಅರ್ಧ ಗಂಟೆಗೆ ಮೊದಲು ಆ ಎದೆಗೂ ಆ ಸೀಟಿಗೂ ನಡುವೆ ಮಗುವಿತ್ತು. ಇದು ಬರಿಯ ಬ್ರೇಕು. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಡಿಕ್ಕಿಯಾದರೆ 9 ಕೆ.ಜಿ.ಯ ಮಗುವನ್ನು ಹಿಡಿದಿಡಲು 200 ಕೆ.ಜಿ. ತೂಕವನ್ನು ಎತ್ತಿಹಿಡಿಯುವಷ್ಟು ಬಲ ಬೇಕಾಗಬಹುದು, ಅದು ಯಾವ ಅಜ್ಜಿಯ ತೋಳಿನಲ್ಲೂ ಇರುವುದಿಲ್ಲ.

ಮಗುವಿಗೆ ಏನೂ ಆಗಿರಲಿಲ್ಲ, ಆದರೆ ಆಸನ ಗೇಣುದ್ದ ಜರುಗಿ ಓರೆಯಾಗಿತ್ತು. ರಸ್ತೆ ಬದಿಗೆ ನಿಲ್ಲಿಸಿ, ಮನೆಯಲ್ಲಿ ಬಿಚ್ಚಿಯೂ ನೋಡದ ಕೈಪಿಡಿಯನ್ನು ತೆರೆದೆವು. ಮಗು ಹಿಂದಕ್ಕೆ ಮುಖಮಾಡಿದ್ದರೆ ಕಾರಿನ ಬೆಲ್ಟು ನೀಲಿ ಗುರುತಿನ ದಾರಿಯಲ್ಲಿ, ಮುಂದಕ್ಕೆ ಮುಖಮಾಡಿದ್ದರೆ ಕೆಂಪು ಗುರುತಿನ ದಾರಿಯಲ್ಲಿ ಹಾಯಬೇಕಂತೆ. ನಾವು ಒಂದು ತುದಿಯನ್ನು ನೀಲಿಯಲ್ಲೂ ಇನ್ನೊಂದನ್ನು ಕೆಂಪಿನಲ್ಲೂ ತೂರಿಸಿ, ಗಟ್ಟಿಯಾಯಿತೆಂದು ಬೀಗಿದ್ದೆವು. ಸರಿಯಾಗಿ ಹಾಯಿಸಿ, ಆಸನದ ಮೇಲೆ ಮೊಣಕಾಲೂರಿ ಬೆಲ್ಟನ್ನು ಎಳೆದ ಮೇಲೆ, ಬೆಲ್ಟು ಹಾಯುವ ಜಾಗದಲ್ಲಿ ಹಿಡಿದು ಅಲ್ಲಾಡಿಸಿದರೆ ಅದು ಒಂದು ಅಂಗುಲವೂ ಕದಲಲಿಲ್ಲ. ಮಗುವಿನ ಹೆಗಲ ಪಟ್ಟಿಯೂ ಸಡಿಲವಾಗಿತ್ತು. ಬಟ್ಟೆಯನ್ನು ಚಿವುಟುವಂತೆ ಅದನ್ನು ಬೆರಳುಗಳ ನಡುವೆ ಹಿಡಿದರೆ ಮಡಿಕೆ ಸಿಗಬಾರದು. ನಮಗೆ ದೊಡ್ಡ ಮಡಿಕೆಯೇ ಸಿಕ್ಕಿತು.

ಜಾವಳ ಮುಗಿದ ಮಾರನೆಯ ದಿನ ಅತ್ತೆಯವರು ಕತ್ತರಿ ತಂದು, ತಮ್ಮ ಕಡೆಯ ಸೀಟ್ ಕವರಿನ ಹೊಲಿಗೆಯನ್ನು ತಾವೇ ಬಿಚ್ಚಿದರು. ಬಕಲ್ಲಿನ ಜೊತೆಗೆ ಒಂದು ಹೇರ್‌ಪಿನ್ನು, ಎರಡು ಕಡಲೆಕಾಯಿ ಸಿಪ್ಪೆ ಮತ್ತು ಹಳೆಯ ಟೋಲ್ ರಸೀದಿ ಹೊರಬಂದವು. ಬೆಲ್ಟಿನ ಕೆಳಪಟ್ಟಿ ಹೊಟ್ಟೆಯ ಮೇಲಲ್ಲ, ಸೊಂಟದ ಮೂಳೆಯ ಮೇಲೆ ಬರಬೇಕೆಂದು ನಾನು ಹೇಳಿದಾಗ ಸೀರೆಯ ನೆರಿಗೆಯನ್ನು ಸರಿಮಾಡಿಕೊಂಡು ಹಾಗೆಯೇ ಹಾಕಿಕೊಂಡರು. ಬೋಳುತಲೆಯ ಮಗಳು ಚನ್ನರಾಯಪಟ್ಟಣದವರೆಗೂ ಒಂದೇ ಸಮನೆ ಅತ್ತಳು. ಅತ್ತೆಯವರು ಎತ್ತಿಕೊಳ್ಳುತ್ತೇನೆ ಎನ್ನಲಿಲ್ಲ. ಒಂದು ಕೈಯಲ್ಲಿ ಅವಳ ಪಾದ ಹಿಡಿದು, ಇನ್ನೊಂದರಲ್ಲಿ ಗಿಲಕಿ ಆಡಿಸುತ್ತಾ ಕುಳಿತಿದ್ದರು.