‘ನನಗೆ ಬಂದೇ ಇಲ್ಲವಲ್ಲ!’

“ನನಗೆ ಬಂದೇ ಇಲ್ಲವಲ್ಲ!”

“ಬಂದಿದೆ ಮೇಡಂ. ನೀವು ನೋಡೋ ಕಡೆ ಬಂದಿಲ್ಲ, ಅಷ್ಟೇ.”

ಈ ವಾರ ಕೇಳಿದ ಈ ಎರಡು ಮಾತು ಇನ್ನೂ ಕಿವಿಯಲ್ಲಿ ಸುತ್ತುತ್ತಿವೆ. ಒಂದು ಕಡೆ ವಿಭಾಗದ ಮುಖ್ಯಸ್ಥೆ, ಇನ್ನೊಂದು ಕಡೆ ತರಬೇತಿ ಪೋರ್ಟಲ್ ನೋಡಿಕೊಳ್ಳುವ ಹುಡುಗ. ಕೆಳಗಿನ ತಂಡದವಳೊಬ್ಬಳು ತರಬೇತಿಗೆ ಒಪ್ಪಿಗೆ ಕೇಳಿ ಹಾಕಿದ ಕೋರಿಕೆ 9 ದಿನದಿಂದ ‘ಪೆಂಡಿಂಗ್’. ಅಷ್ಟರಲ್ಲಿ ಬ್ಯಾಚ್ ಭರ್ತಿ.

ಇಬ್ಬರದೂ ಸುಳ್ಳಲ್ಲ, ಅದೇ ತಮಾಷೆ. ಮೇಲಿನ ಘಟಕಕ್ಕೆ ಒಬ್ಬರನ್ನು ಮ್ಯಾನೇಜರ್ ಮಾಡಿದರೆ ಅದರಡಿಯ ಎಲ್ಲ ಘಟಕಗಳ ಮೇಲೂ ಅವರಿಗೆ ಒಪ್ಪಿಗೆಯ ಅಧಿಕಾರ ತಾನಾಗಿ ಇಳಿದು ಬರುವಂತೆ ಆ ಪೋರ್ಟಲ್ ಹೊಂದಿಸಿದ್ದರು. ಮೇಲ್ ಮಾತ್ರ ಹೋಗುವುದು ನೇರ ಮ್ಯಾನೇಜರ್‌ಗೆ. ಆ ಕುರ್ಚಿಯೇ ಖಾಲಿ! ವರ್ಗವಾಗಿ ಹೋದ ಟೀಮ್ ಲೀಡ್ ಹೆಸರು ತೆಗೆದವರು ಬೇರೆ ಹೆಸರು ಹಾಕಿರಲಿಲ್ಲ. ಮೇಡಂ ಪುಟದಲ್ಲಿ ಮೊದಲು ತೆರೆಯುವುದು ‘ನನ್ನ ನೇರ ತಂಡ’. ಕೋರಿಕೆ ಕೂತಿದ್ದು ‘ಎಲ್ಲ ತಂಡಗಳು’ ಎಂಬ ಫಿಲ್ಟರ್‌ನ ಹಿಂದೆ. ಮೇಡಂ ಕೂಡ ಇನ್‌ಬಾಕ್ಸ್‌ನಲ್ಲಿ ಇಲ್ಲದ್ದು ಜಗತ್ತಿನಲ್ಲೇ ಇಲ್ಲ ಎನ್ನುವ ಪೈಕಿ.

ತಂಡದವರ ಹೆಸರು ಕಾಣುವುದು, ಒಪ್ಪಿಗೆಯ ಬಟನ್ ಕಾಣುವುದು, ಮೇಲ್ ಬರುವುದು: ಮೂರೂ ಬೇರೆ ಬೇರೆ. ಸಿಬ್ಬಂದಿ, ಲೀಡ್, ಮುಖ್ಯಸ್ಥರು ಎಂದು ಮೂರು ಪರೀಕ್ಷಾ ಖಾತೆ ಮಾಡಿ, ಕೆಳಗಿನದರಿಂದ ಕೋರಿಕೆ ಹಾಕಿ, ಲೀಡ್ ಇದ್ದಾಗೊಮ್ಮೆ ಲೀಡ್ ತೆಗೆದೊಮ್ಮೆ ಈ ಮೂರನ್ನೂ ನೋಡಬೇಕು. ಲೀಡ್ ಖಾತೆಯಿಂದಲೂ ಒಂದು ಕೋರಿಕೆ ಹಾಕಿ ನೋಡಿ. ಅವನೂ ಅದೇ ಘಟಕದವನಾದ್ದರಿಂದ ಕೆಲವು ಕಡೆ ತನ್ನ ತರಬೇತಿಗೆ ತಾನೇ ಒಪ್ಪಿಗೆ ಕೊಟ್ಟುಕೊಳ್ಳುತ್ತಾನೆ. ಆಡಿಟ್‌ನವರು ಬರುವತನಕ ಯಾರಿಗೂ ಗೊತ್ತಾಗುವುದಿಲ್ಲ.

ಹುಡುಗ ಅವಸರದಲ್ಲಿ ಮಾಡಹೊರಟಿದ್ದು ಮೇಡಂ ಹೆಸರನ್ನೇ ಎಲ್ಲ ತಂಡಗಳಿಗೂ ನೇರ ಮ್ಯಾನೇಜರ್ ಎಂದು ಸೇರಿಸುವ ಕೆಲಸ. ಹಾಗೆ ಮಾಡಿದ್ದರೆ ಲೀಡ್ ಇರುವ ತಂಡಗಳ ಮೇಲ್ ಕೂಡ ಅವರಿಗೇ ಸುರಿಯುತ್ತಿತ್ತು. ವಾರದೊಳಗೆ ಅವರು ಅವನ್ನು ಓದದೆ ಅಳಿಸುತ್ತಿದ್ದರು. ಬೇಕಿದ್ದದ್ದು ಖಾಲಿ ಕುರ್ಚಿಗೆ ಮುಕ್ತಾಯದ ದಿನಾಂಕ ಹಾಕಿದ ತಾತ್ಕಾಲಿಕ ಮ್ಯಾನೇಜರ್, ಜೊತೆಗೆ 3 ಕೆಲಸದ ದಿನ ದಾಟಿದರೆ ಕೋರಿಕೆ ಒಂದು ಮೆಟ್ಟಿಲು ಮೇಲಕ್ಕೆ ಹೋಗುವ ನಿಯಮ. ದಿನಾಂಕ ಮರೆತರೆ ತಾತ್ಕಾಲಿಕದವರೇ ಕಾಯಂ.

ಅಧಿಕಾರ ತಡೆಯುವಾಗಲೂ ಎಚ್ಚರ ಬೇಕು. ಮೂಡಲ್ ಎಂಬ ಆನ್‌ಲೈನ್ ಕಲಿಕೆಯ ತಂತ್ರಾಂಶದಲ್ಲಿ ಪ್ರತಿ ಅನುಮತಿಗೂ ನಾಲ್ಕು ಆಯ್ಕೆ: ಇನ್ಹೆರಿಟ್ (ಮೇಲಿನ ಹಂತದ್ದೇ ಇರಲಿ), ಅಲೌ (ಬಿಡು), ಪ್ರಿವೆಂಟ್ (ತಡೆ), ಪ್ರೊಹಿಬಿಟ್ (ಪೂರ್ತಿ ನಿಷೇಧ). ಪ್ರಿವೆಂಟ್ ಆದರೆ ಕೆಳಗಿನ ಹಂತದಲ್ಲಿ ಅಲೌ ಹಾಕಿ ಸರಿಮಾಡಬಹುದು. ಪ್ರೊಹಿಬಿಟ್ ಮೇಲೆ ಬಿತ್ತೆಂದರೆ ಕೆಳಗೆ ಏನು ಮಾಡಿದರೂ ತೆರೆಯದು. ಆ ವ್ಯಕ್ತಿಗೆ ಇರುವ ಇನ್ನೊಂದು ರೋಲ್‌ನಲ್ಲಿ (ಪೋರ್ಟಲ್‌ನಲ್ಲಿ ಅವರಿಗೆ ಕೊಟ್ಟ ಪಾತ್ರ) ಅಲೌ ಇದ್ದರೂ ಅಷ್ಟೇ. ‘ಇನ್ನೂ ಭದ್ರವಾಗಿರಲಿ’ ಎಂದು ಪ್ರೊಹಿಬಿಟ್ ಒತ್ತುವವರಿಂದಲೇ ಅರ್ಧ ತಲೆನೋವು.

“ನೀವು ನೋಡೋ ಕಡೆ ಬಂದಿಲ್ಲ” ಎಂದಾಗ ಆ ಹುಡುಗನ ದನಿಯಲ್ಲಿ ಗೆದ್ದ ಖುಷಿ ಇತ್ತು. ಅವನ ಮಟ್ಟಿಗೆ ಅಲ್ಲಿಗೆ ಕೆಲಸ ಮುಗಿದಿತ್ತು. ಮೇಡಂ ಮರುಮಾತಾಡದೆ ಲ್ಯಾಪ್‌ಟಾಪ್ ತಮ್ಮತ್ತ ತಿರುಗಿಸಿಕೊಂಡು ಫಿಲ್ಟರ್ ಬದಲಿಸಿದರು. ಕಂಡದ್ದು ಒಂದಲ್ಲ, 17 ಕೋರಿಕೆ. ಅದರಲ್ಲಿ ಐದು, ಆಗಲೇ ಮುಗಿದುಹೋದ ತರಬೇತಿಗಳದ್ದು.